ಪಾಂಡುರಂಗ ಸೀಮೆಯ ಮಣ್ಣಿನ ಗುಳಿಗಳು

ಕೇಳುಗರಿಗೆ ನಮಸ್ಕಾರ.

ವಿಯೆಟ್ನಾಮಿನ ಬೀದಿ ತಿನಿಸು ಎಂದರೆ ಹೆಚ್ಚಿನವರಿಗೆ ಗೊತ್ತಿರುವುದು ಫೋ ಎಂಬ ಶಾವಿಗೆ ಸಾರು, ಇಲ್ಲವೇ ಬಾನ್ ಮೀ ಎಂಬ ಗರಿಗರಿ ಬ್ರೆಡ್ಡು. ಎರಡೂ ರುಚಿಯವೇ, ಎರಡೂ ದೇಶ ದೇಶ ಸುತ್ತಿ ಹೆಸರು ಮಾಡಿವೆ. ಆದರೆ ಹುಟ್ಟಿದ ಊರಿನಲ್ಲಿ ತಿಂದರೆ ಮಾತ್ರ ಪೂರ್ತಿ ದಕ್ಕುವ ತಿನಿಸುಗಳೂ ಆ ನಾಡಿನಲ್ಲಿವೆ. ಅವುಗಳಿಗೆ ಬೇಕಾದ ಮಣ್ಣು, ಬಾವಿ, ಹೊಳೆ ಆ ಊರಿನಲ್ಲೇ ಇವೆ. ನನಗೆ ಹೆಚ್ಚು ಪ್ರೀತಿ ಇರುವುದು ಇಂಥವುಗಳ ಮೇಲೆ.

ಮೊದಲು ಫಾನ್ ರಾಂಗ್ ಪಟ್ಟಣಕ್ಕೆ ಹೋಗೋಣ. ದಕ್ಷಿಣ ಮಧ್ಯ ಕರಾವಳಿಯ ಈ ಸೀಮೆಯಲ್ಲಿ ಬೀಳುವಷ್ಟು ಕಡಿಮೆ ಮಳೆ ವಿಯೆಟ್ನಾಮಿನ ಬೇರೆಲ್ಲೂ ಬೀಳುವುದಿಲ್ಲ. ಇಲ್ಲಿನವರು ದ್ರಾಕ್ಷಿ ಬೆಳೆಯುತ್ತಾರೆ, ಆಡು ಕುರಿ ಮೇಯಿಸುತ್ತಾರೆ. ಚಂಪಾ ಅರಸರ ಕಾಲದಲ್ಲಿ ಈ ನಾಡಿಗೆ ಪಾಂಡುರಂಗ ಎಂದು ಹೆಸರಿತ್ತು. ಗುಡ್ಡವೊಂದರ ಮೇಲೆ ಪೊ ಕ್ಲೋಂಗ್ ಗರಾಯ್ ಎಂಬ ಇಟ್ಟಿಗೆಯ ಗುಡಿ ಇಂದಿಗೂ ನಿಂತಿದೆ. ಅದರ ಬಾಗಿಲ ಮೇಲೆ ನರ್ತಿಸುವ ಶಿವನಿದ್ದಾನೆ. ಅದನ್ನು ಕಟ್ಟಿದ ಚಾಮ್ ಜನರ ವಂಶದವರು ಈಗಲೂ ಸುತ್ತಲಿನ ಹಳ್ಳಿಗಳಲ್ಲಿದ್ದಾರೆ.

ಈ ಊರಿನ ಬೆಳಗಿನ ತಿಂಡಿ ಬಾನ್ ಕನ್. ಕನ್ನಡಿಗರು ಮೊದಲ ನೋಟಕ್ಕೇ ಅದನ್ನು ನಮ್ಮ ಪಡ್ಡು ಎಂದುಬಿಡುತ್ತಾರೆ, ಅಷ್ಟು ಹೋಲಿಕೆ ಇದೆ. ಆದರೆ ಇದರ ಹಿಟ್ಟಿಗೆ ಉದ್ದು ಬೀಳುವುದಿಲ್ಲ. ನೆನೆಸಿದ ಅಕ್ಕಿಯ ಜೊತೆ ಒಂದಿಷ್ಟು ತಣ್ಣನೆಯ ಅನ್ನ ಸೇರಿಸಿ ತೆಳ್ಳಗೆ ರುಬ್ಬುತ್ತಾರೆ. ಗುಳಿಗೆ ಎಣ್ಣೆಯನ್ನೂ ಸುರಿಯುವುದಿಲ್ಲ.

ಒಲೆಯ ಮುಂದೆ ಕುಳಿತಾಕೆಯ ಕೈಯನ್ನು ನೋಡಬೇಕು. ಮಣ್ಣಿನ ದುಂಡು ಒಲೆ, ಒಳಗೆ ಇದ್ದಿಲ ಕೆಂಡ, ಮೇಲೆ ಸಾಲಾಗಿ ಕೂರಿಸಿದ ಪುಟ್ಟ ಮಣ್ಣಿನ ಗುಳಿಗಳು, ಒಂದೊಂದಕ್ಕೂ ಒಂದು ಮಣ್ಣಿನ ಮುಚ್ಚಳ. ಹಿಟ್ಟು ಹೊಯ್ದು, ಗಿರಾಕಿ ಕೇಳಿದಂತೆ ಮೊಟ್ಟೆಯನ್ನೋ ಸಿಗಡಿಯನ್ನೋ ಬೊಂಡಾಸ ಮೀನನ್ನೋ ಹಾಕಿ ಮುಚ್ಚಳ ಇಡುತ್ತಾಳೆ. ಕೊನೆಯ ಗುಳಿ ತುಂಬುವ ಹೊತ್ತಿಗೆ ಮೊದಲನೆಯದು ಬೆಂದಿರುತ್ತದೆ. ಅಂಚು ಕೆರೆದು ಎಬ್ಬಿಸಿ, ಈರುಳ್ಳಿ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಸವರಿ, ಎರಡೆರಡನ್ನು ಮುಖಕ್ಕೆ ಮುಖ ಜೋಡಿಸಿ ತಟ್ಟೆಗಿಡುತ್ತಾಳೆ. ತಳ ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಹೆರೆದ ಮಾವಿನಕಾಯಿ, ಮೀನಿನ ರಸ ಅಥವಾ ಕಡಲೆಕಾಯಿಯ ಗಟ್ಟಿ ಚಟ್ನಿ.

ಈ ಗುಳಿಗಳು ಬರುವುದು ಹತ್ತಿರದ ಬಾವ್ ಚುಕ್ ಎಂಬ ಚಾಮ್ ಹಳ್ಳಿಯಿಂದ. ಅಲ್ಲಿ ಮಡಕೆ ಮಾಡುವವರು ಹೆಂಗಸರು. ತಾಯಿಯಿಂದ ಮಗಳಿಗೆ ಬಂದ ಕಸುಬು ಅದು. ಅವರಿಗೆ ತಿಗರಿ ಬೇಡ. ಮಡಕೆ ನಿಂತಲ್ಲೇ ನಿಂತಿರುತ್ತದೆ, ಮಾಡುವಾಕೆ ಅದರ ಸುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಕೈಯಲ್ಲೇ ರೂಪ ಕೊಡುತ್ತಾಳೆ. ಕ್ವಾವ್ ಹೊಳೆಯ ದಂಡೆಯ ಜೇಡಿಮಣ್ಣಿಗೆ ನುಣ್ಣನೆಯ ಮರಳು ಬೆರೆಸುತ್ತಾರೆ. ಸುಡುವುದು ಬಯಲಿನಲ್ಲಿ, ಸೌದೆ ಹುಲ್ಲು ಒಟ್ಟಿ. 2022ರಲ್ಲಿ ಯುನೆಸ್ಕೊ ಈ ಕಲೆಯನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಒಳ್ಳೆಯದೇ. ಆದರೆ ಗುಳಿ ಒಡೆದಾಗಲೆಲ್ಲ ಹೊಸದನ್ನು ಕೊಳ್ಳುವ ತಿಂಡಿಯಂಗಡಿಯ ಹೆಂಗಸು ಆ ಕಸುಬಿಗೆ ಅದಕ್ಕಿಂತ ಹತ್ತಿರದ ಆಸರೆ ಎಂದು ನಾನು ನಂಬುತ್ತೇನೆ. ಹಾಗಾಗಿ ಗ್ಯಾಸ್ ಒಲೆಯ ಮೇಲೆ ಲೋಹದ ಕಾವಲಿ ಇಟ್ಟ ಅಂಗಡಿ ಕಂಡರೆ ಮುಂದೆ ನಡೆಯಿರಿ, ಇದ್ದಿಲ ವಾಸನೆ ಬಂದ ಕಡೆ ಕುಳಿತುಕೊಳ್ಳಿ. ಲೋಹದ ಅಚ್ಚಿನಲ್ಲಿ ಧಾರಾಳ ಎಣ್ಣೆ ಹಾಕಿ ಮಾಡುವ ತಿನಿಸು ಬೇಕೆಂದರೆ ವುಂಗ್ ತಾವ್ ಪಟ್ಟಣದ ಬಾನ್ ಖೊತ್ ಇದೆ. ಅದರ ರುಚಿಯೇ ಬೇರೆ.

ಇನ್ನು ಹಳೆಯ ರಾಜಧಾನಿ ಹುಎ. ಅರಮನೆಯ ಅಡುಗೆಗೆ ಹೆಸರಾದ ಆ ಊರಿನಲ್ಲಿ ಬಡವರ ತಟ್ಟೆಯಿಂದ ಬಂದ ಕಮ್ ಹೆನ್ ಎಂಬ ಊಟವಿದೆ. ಸುಗಂಧ ನದಿಯ ನಡುವೆ ಹೆನ್ ಎಂಬ ನಡುಗಡ್ಡೆ. ನಮ್ಮ ಕರಾವಳಿಯವರು ಮರುವಾಯಿ ಎನ್ನುತ್ತಾರಲ್ಲ, ಆ ಜಾತಿಯ ಉಗುರಿನಷ್ಟು ಸಣ್ಣ ಚಿಪ್ಪುಗಳನ್ನು ಹೊಳೆಯ ತಳದಿಂದ ಬಾಚಿ ತಂದು ಬೇಯಿಸಿ ಮಾಂಸ ಬಿಡಿಸುತ್ತಾರೆ. ತಣ್ಣನೆಯ ಅನ್ನದ ಮೇಲೆ ಅದನ್ನು ಹರಡಿ, ಹೆಚ್ಚಿದ ಬಾಳೆ ಹೂವು, ಕೆಸುವಿನ ದಂಟು, ಹುಳಿ ಕಮರಾಕ್ಷಿ, ಹುರಿದ ಕಡಲೆಕಾಯಿ, ಎಳ್ಳು, ಸೊಪ್ಪುಗಳನ್ನು ಸೇರಿಸುತ್ತಾರೆ. ಮೆಣಸಿನಕಾಯಿಯ ಖಾರ ಕಣ್ಣಲ್ಲಿ ನೀರು ತರಿಸುತ್ತದೆ. ಚಿಪ್ಪು ಬೇಯಿಸಿದ ಬಿಸಿ ರಸವನ್ನು ಬೇರೆ ಬಟ್ಟಲಲ್ಲಿ ಕೊಡುತ್ತಾರೆ. ಅನ್ನ ಬಿಸಿ ಮಾಡಿಕೊಡಿ ಎಂದು ದಯವಿಟ್ಟು ಕೇಳಬೇಡಿ. ತಣ್ಣಗಿದ್ದರೇ ಆ ಊಟದ ಹದ.

ಹೊಯಿ ಆನ್ ಬಂದರು ಪಟ್ಟಣದ ಕಾವ್ ಲಾವ್ ಶಾವಿಗೆಯ ಹೆಸರನ್ನು ಪ್ರವಾಸಿಗರಲ್ಲಿ ಕೆಲವರಾದರೂ ಕೇಳಿರುತ್ತಾರೆ. ಅಕ್ಕಿಯನ್ನು ಬೂದಿನೀರಿನಲ್ಲಿ ನೆನೆಸುವುದರಿಂದ ಬರುವ ಕಂದು ಬಣ್ಣ, ಹಲ್ಲಿಗೆ ಸಿಗುವ ಬಿಗಿ, ಅದರ ಗುರುತು. ಬಾ ಲೆ ಎಂಬ ಹಳೆಯ ಬಾವಿಯ ನೀರೇ ಆಗಬೇಕು ಎನ್ನುವುದು ಅಲ್ಲಿನವರ ಪಟ್ಟು.

ಸಸ್ಯಾಹಾರಿ ಕೇಳುಗರಿಗೆ ಒಂದು ಮಾತು. ಅಲ್ಲಿನ ಚಟ್ನಿ, ಸಾರುಗಳಲ್ಲಿ ಮೀನಿನ ರಸ ಬೆರೆತಿರುವುದೇ ಹೆಚ್ಚು. ‘ಚಾಯ್’ ಎಂಬ ಫಲಕವಿರುವ ಅಂಗಡಿ ಹುಡುಕಿ, ಅದು ಸಸ್ಯಾಹಾರದ ಗುರುತು. ಅಮಾವಾಸ್ಯೆ, ಹುಣ್ಣಿಮೆಗಳಂದು ಅಲ್ಲಿನ ಬೌದ್ಧರಲ್ಲಿ ಅನೇಕರು ಮಾಂಸ ಮುಟ್ಟುವುದಿಲ್ಲ. ಪ್ರವಾಸದ ದಿನಗಳನ್ನು ಪಂಚಾಂಗ ನೋಡಿ ಗೊತ್ತುಮಾಡಿಕೊಂಡರೆ ನಿಮಗೆ ಆಯ್ಕೆ ಹೆಚ್ಚು ಸಿಗುತ್ತದೆ.

ನಮಸ್ಕಾರ.