ಸೋಂಕಿಗಿಂತ ಮುಂಚೆ ಲಸಿಕೆ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ 9ರಿಂದ 14 ವರ್ಷದೊಳಗಿನ ಮಕ್ಕಳಿದ್ದರೆ ಕೈಯಲ್ಲಿರುವ ಕೆಲಸ ಸ್ವಲ್ಪ ಬದಿಗಿಡಿ. ನಾನು ಹೇಳಬೇಕಾದ ಮಾತು ಒಂದೇ: ಎಚ್‌ಪಿವಿ ಲಸಿಕೆಯನ್ನು ಸೋಂಕು ತಗಲುವ ಮುಂಚೆ ಹಾಕಿಸಬೇಕು. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಕೂತರೆ ಹದಿನೈದು ಇಪ್ಪತ್ತು ವರ್ಷಕ್ಕೆ ಕ್ಯಾನ್ಸರ್ ಆಗಬಹುದು. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಇದೇ ಕಾರಣ. 2022ರಲ್ಲಿ ಜಗತ್ತಿನಲ್ಲಿ ಸುಮಾರು 3.5 ಲಕ್ಷ ಹೆಂಗಸರು ಅದರಿಂದ ತೀರಿಹೋದರು.

ಈ ವೈರಸ್ಸೇ ಕಾರಣ ಅಂತ ಪತ್ತೆಯಾದ ಕಥೆ ಹೇಳದೆ ನನಗೆ ಸಮಾಧಾನವಿಲ್ಲ. 1970ರ ದಶಕದಲ್ಲಿ ಹೆಚ್ಚಿನ ವಿಜ್ಞಾನಿಗಳು ಈ ಕ್ಯಾನ್ಸರಿಗೆ ಗುಳ್ಳೆ ತರುವ ಹರ್ಪಿಸ್ ಅನ್ನುವ ಬೇರೊಂದು ವೈರಸ್ಸೇ ಕಾರಣ ಅಂತ ನಂಬಿದ್ದರು. ಜರ್ಮನಿಯ ವಿಜ್ಞಾನಿ ಹರಾಲ್ಡ್ ಟ್ಸುರ್ ಹೌಸೆನ್ ಕ್ಯಾನ್ಸರ್ ಗಡ್ಡೆಯ ಚೂರುಗಳಲ್ಲಿ ಹರ್ಪಿಸ್ ಹುಡುಕಿದರು. ಸಿಗಲಿಲ್ಲ. ಗುಪ್ತಾಂಗದ ನರುಲಿ ಅಪರೂಪಕ್ಕೆ ಕ್ಯಾನ್ಸರಾಗಿ ತಿರುಗಿದ ಹಳೆಯ ವರದಿಗಳು ಅವರ ಕಣ್ಣಿಗೆ ಬಿದ್ದಿದ್ದವು. ಹಾಗಾದರೆ ನರುಲಿ ತರುವ ವೈರಸ್ಸೇ, ಅಂದರೆ ಎಚ್‌ಪಿವಿಯೇ, ಇರಬಹುದಲ್ಲ ಅಂದರು. ಯಾರೂ ಒಪ್ಪಲಿಲ್ಲ. ಅವರು ಬಿಡಲೂ ಇಲ್ಲ. ನರುಲಿಯಲ್ಲಿ ಸಿಕ್ಕ ವೈರಸ್ಸನ್ನು ಗಡ್ಡೆಯಲ್ಲಿ ಹುಡುಕಿದರೆ ಅದೂ ಇಲ್ಲ! ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಇವರಿಗೆ ಹೊಳೆದದ್ದು, ಇದು ಒಂದೇ ವೈರಸ್ಸಲ್ಲ, ದೊಡ್ಡ ಕುಟುಂಬ ಅಂತ. 1983ರಲ್ಲಿ ಗಡ್ಡೆಯಲ್ಲಿ ಎಚ್‌ಪಿವಿಯ 16ನೇ ಬಗೆ ಸಿಕ್ಕಿತು, ಮರುವರ್ಷ 18ನೆಯದು. ಈ ಎರಡೇ ಸೇರಿ ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಕಾರಣ. 1951ರಲ್ಲಿ 31ನೇ ವಯಸ್ಸಿಗೆ ಇದೇ ರೋಗದಿಂದ ತೀರಿಕೊಂಡ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರ ಜೀವಕೋಶಗಳು ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಅದರೊಳಗೂ ಅದೇ 18ನೆಯದು! ಟ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು.

ಕಾರಣ ಸಿಕ್ಕಿದ್ದರಿಂದ ಲಸಿಕೆ ಬಂತು. 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ ವೈರಸ್ಸಿನ ಹೊರಗವಚವನ್ನಷ್ಟೇ ತಯಾರಿಸಿದರು. ಒಳಗೆ ತಿರುಳಿಲ್ಲದ ಚಿಪ್ಪಿನ ಹಾಗೆ. ಅದರಿಂದ ಸೋಂಕು ಬರುವುದಿಲ್ಲ, ಆದರೆ ದೇಹ ಅದನ್ನು ನೋಡಿ ವೈರಸ್ಸನ್ನು ತಡೆಯುವ ಪ್ರತಿಕಾಯ ಸಿದ್ಧಮಾಡಿಕೊಳ್ಳುತ್ತದೆ. 2006ರಿಂದ ಲಸಿಕೆ ಬಳಕೆಯಲ್ಲಿದೆ. ಒಳಗೆ ಸೇರಿಕೊಂಡ ವೈರಸ್ಸನ್ನು ಇದು ಓಡಿಸುವುದಿಲ್ಲ. ಅದಕ್ಕೇ ಮುಂಚೆ ಅನ್ನುವುದು.

"ಇನ್ನೂ ಚಿಕ್ಕವಳು ಡಾಕ್ಟ್ರೇ, ಈಗಲೇ ಯಾಕೆ?" ಅಂತ ಅಮ್ಮಂದಿರು ಕೇಳುತ್ತಾರೆ. ಚಿಕ್ಕವಳು ಅಂತಲೇ ಈಗ ಕೊಡುವುದಮ್ಮ! ಸ್ವೀಡನ್ನಿನ ಲೆಕ್ಕ ಕೇಳಿ. 17 ತುಂಬುವ ಮುಂಚೆ ಹಾಕಿಸಿಕೊಂಡವರಲ್ಲಿ ಗರ್ಭಕಂಠದ ಕ್ಯಾನ್ಸರ್ ನೂರಕ್ಕೆ 88ರಷ್ಟು ಕಡಿಮೆಯಾಯಿತು. 17 ದಾಟಿ ಹಾಕಿಸಿಕೊಂಡವರಲ್ಲಿ 53ರಷ್ಟು. ಲಸಿಕೆ ಅದೇ, ಕಾಲ ಮಾತ್ರ ಬೇರೆ. ಲಸಿಕೆ ಹಾಕಿಸಿದರೆ ಮಕ್ಕಳು ದಾರಿ ತಪ್ಪುತ್ತಾರೆ ಅನ್ನುವ ಮಾತಿಗೆ ಉತ್ತರ ಕೊಟ್ಟೂ ಕೊಟ್ಟೂ ನನಗೆ ಸಾಕಾಗಿದೆ. ತಪ್ಪುವುದಿಲ್ಲ.

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಗಂಡುಮಕ್ಕಳಿಗೂ ಬೇಕು: ಗಂಟಲಿನ ಹಿಂಭಾಗ, ಗುದದ್ವಾರ, ಶಿಶ್ನದ ಕ್ಯಾನ್ಸರುಗಳಲ್ಲೂ ಇದೇ ವೈರಸ್ಸಿನ ಕೈವಾಡವಿದೆ. 9ರಿಂದ 20ರವರೆಗೆ ಒಂದು ಅಥವಾ ಎರಡು ಡೋಸ್ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಯಸ್ಕರೇ, 26ರೊಳಗಿದ್ದು ಹಾಕಿಸಿಕೊಂಡಿಲ್ಲವಾದರೆ ಹಾಕಿಸಿಕೊಳ್ಳಿ. 27ರಿಂದ 45ರವರು ನಿಮ್ಮ ವೈದ್ಯರನ್ನು ಕೇಳಿ, ಪ್ರಯೋಜನ ಕಡಿಮೆ, ಆದರೆ ಕೆಲವರಿಗೆ ಇದೆ. ಮೂವತ್ತಾದ ಹೆಂಗಸರು ಲಸಿಕೆ ಹಾಕಿಸಿಕೊಂಡಿದ್ದರೂ ಗರ್ಭಕಂಠದ ತಪಾಸಣೆ ಬಿಡಬೇಡಿ.

ಇನ್ನೊಂದು. ಚುಚ್ಚಿಸಿದ ಮೇಲೆ ಮಗುವನ್ನು ಹದಿನೈದು ನಿಮಿಷ ಅಲ್ಲೇ ಕೂರಿಸಿ. ಈ ವಯಸ್ಸಿನಲ್ಲಿ ಯಾವ ಚುಚ್ಚುಮದ್ದಿಗಾದರೂ ಕೆಲವರಿಗೆ ತಲೆ ಸುತ್ತುತ್ತದೆ. ತೋಳು ಒಂದೆರಡು ದಿನ ನೋಯುತ್ತದೆ, ಗಾಬರಿ ಬೇಡ. ನಮಸ್ಕಾರ.