ನಮ್ಮೂರ ಮ್ಯಾಚಿಗೆ ಬನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಅಡುಗೆಮನೆಯಲ್ಲಿರುತ್ತೀರಿ. ಕೆಲವರು ಅಂಗಡಿಯಲ್ಲಿ ಕೂತಿರುತ್ತೀರಿ. ಕೆಲವರು ಆಟೋದಲ್ಲಿ ರೇಡಿಯೋ ಹಾಕಿಕೊಂಡು ಬಾಡಿಗೆಗೆ ಕಾಯುತ್ತಿರುತ್ತೀರಿ. ಕೈಯಲ್ಲಿರುವ ಕೆಲಸ ನಿಲ್ಲಿಸಬೇಡಿ. ಹಾಗೇ ಒಂದು ಕಿವಿ ಈ ಕಡೆ ಕೊಡಿ.

ಕ್ರಿಕೆಟ್ಟೇ ಎಲ್ಲ ಅನ್ನುವ ನಮ್ಮ ದೇಶದಲ್ಲಿ ಫುಟ್‌ಬಾಲ್ ಬೆಳೆಯುತ್ತಿದೆಯಾ? ಇದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಹದಿನೈದು ವರ್ಷ ಈ ಬೆಂಗಳೂರಿನ ಲೀಗಿನಲ್ಲಿ ಆಡಿದವನು. ಈಗ ಬೆಳಿಗ್ಗೆ ಸಂಜೆ ಮಕ್ಕಳಿಗೆ ಕಲಿಸುತ್ತೇನೆ. ನನ್ನ ಉತ್ತರ ಇಷ್ಟೇ. ಫುಟ್‌ಬಾಲ್ ನೋಡುವವರು ಜಾಸ್ತಿಯಾಗಿದ್ದಾರೆ. ನಮ್ಮೂರ ಫುಟ್‌ಬಾಲ್ ನೋಡುವವರು ಕಮ್ಮಿಯಾಗಿದ್ದಾರೆ. ಅದಕ್ಕೇ ನಿಮ್ಮ ಹತ್ತಿರ ಒಂದೇ ಒಂದು ವಿಷಯ ಕೇಳಿಕೊಳ್ಳೋಕೆ ಬಂದಿದ್ದೇನೆ. ನಮ್ಮೂರ ಮ್ಯಾಚಿಗೆ ಬನ್ನಿ.

2022ರ ಡಿಸೆಂಬರ್ 18 ನೆನಪಿದೆಯಾ? ಭಾನುವಾರ. ಕತಾರಿನಲ್ಲಿ ವಿಶ್ವಕಪ್ ಫೈನಲ್. ಅರ್ಜೆಂಟೀನಾ, ಫ್ರಾನ್ಸ್. ನಮ್ಮ ಬೀದಿಯ ಕೊನೆಯ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪ್ರೊಜೆಕ್ಟರ್ ಹಾಕಿದ್ದರು. ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು. ಮೆಸ್ಸಿ ಅಂಗಿ ಹಾಕಿಕೊಂಡ ಮಕ್ಕಳು, ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡ ಅಜ್ಜಿಯರು. ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಾಗ ಪಟಾಕಿ ಹೊಡೆದರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇದಾಗಿ ಮೂರು ತಿಂಗಳೂ ಆಗಿರಲಿಲ್ಲ. 2023ರ ಮಾರ್ಚ್ 4. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ರಾಜ್ಯ ರಾಜ್ಯಗಳ ನಡುವೆ ನಡೆಯುವ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅದು. ಕ್ರಿಕೆಟ್ಟಿಗೆ ರಣಜಿ ಹೇಗೋ ಫುಟ್‌ಬಾಲಿಗೆ ಸಂತೋಷ್ ಟ್ರೋಫಿ ಹಾಗೆ. ನಮ್ಮ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. 54 ವರ್ಷಗಳ ಮೇಲೆ ಕಪ್ ನಮ್ಮ ರಾಜ್ಯಕ್ಕೆ ಬಂತು. ಐವತ್ನಾಲ್ಕು ವರ್ಷ! ಮಾರನೇ ದಿನ ಅದೇ ಬೀದಿಯಲ್ಲಿ ಹಾಲು ತರೋಕೆ ಹೋದೆ. ಸಿಕ್ಕಿದವರಿಗೆಲ್ಲ ಹೇಳಿದೆ, 'ನಾವು ಗೆದ್ದೆವು' ಅಂತ. 'ಯಾವ ಮ್ಯಾಚ್ ಸಾರ್?' ಅಂತ ಕೇಳಿದರು. ಒಬ್ಬರಿಗಾದರೂ ಗೊತ್ತಿರಲಿಲ್ಲ.

ಜನರನ್ನು ಬಯ್ಯೋಕೆ ಈ ಮಾತು ಹೇಳುತ್ತಿಲ್ಲ. ಒಳ್ಳೆಯ ಫುಟ್‌ಬಾಲ್ ಟಿವಿಯಲ್ಲಿ ಬಂದರೆ ನೋಡಬೇಕು, ನಾನೂ ನೋಡುತ್ತೇನೆ. ಆದರೆ 'ನಮ್ಮಲ್ಲಿ ಈಗೀಗ ಫುಟ್‌ಬಾಲ್ ಶುರುವಾಗುತ್ತಿದೆ' ಅಂತ ಯಾರಾದರೂ ಅಂದರೆ ನನಗೆ ತಡೆಯೋಕಾಗುವುದಿಲ್ಲ. ಈಗೀಗ ಅಂದರೆ ಏನು? 1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಗೆದ್ದವರು ಯಾರು? ಬ್ರಿಟಿಷ್ ಸೈನಿಕರ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಎತ್ತಿದವರು ಬೆಂಗಳೂರು ಮುಸ್ಲಿಮ್ಸ್ ತಂಡದ ಹುಡುಗರು. ಮಾರನೇ ವರ್ಷವೂ ಅವರೇ. ಸ್ವಾತಂತ್ರ್ಯ ಬಂದ ಮೇಲೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಕಲ್ಕತ್ತಾದ ಈಸ್ಟ್ ಬೆಂಗಾಲ್‌ನವರು ತಮ್ಮ ಐವರು ಫಾರ್ವರ್ಡ್‌ಗಳನ್ನು ಪಂಚಪಾಂಡವರು ಅಂತ ಕರೆಯುತ್ತಿದ್ದರು. ಅದರಲ್ಲಿ ಚೆಂಡನ್ನು ಹಾವಾಡಿಸಿದ ಹಾಗೆ ಆಡಿಸುತ್ತಿದ್ದ ಅಹ್ಮದ್ ಖಾನ್ ನಮ್ಮೂರಿನವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ನಮ್ಮೂರಿನವರು. ನಾಲ್ಕು ಸಲ ಮೈಸೂರು ಅನ್ನುವ ಹೆಸರಲ್ಲಿ ಸಂತೋಷ್ ಟ್ರೋಫಿ ಗೆದ್ದೆವು. ಕೊನೆಯದು 1968-69ರಲ್ಲಿ. ಅದೂ ಬಂಗಾಳದಂಥ ಬಂಗಾಳವನ್ನು ಫೈನಲ್‌ನಲ್ಲಿ ಮಣಿಸಿ. ಹಲಸೂರಿನ ಹತ್ತಿರ ಗೌತಮಪುರಕ್ಕೆ ಹೋಗಿ ನೋಡಿ. ಬೀದಿಯಲ್ಲಿ ಪೆಲೆ ಪ್ರತಿಮೆ ನಿಲ್ಲಿಸಿದ್ದಾರೆ. ಅಂಥ ಊರು ಇದು.

ಹಾಗಾದರೆ ಕ್ರಿಕೆಟ್ ಬಂದು ಫುಟ್‌ಬಾಲನ್ನು ತಿಂದು ಹಾಕಿತಾ? ಎಲ್ಲರೂ ಹಾಗೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕ್ರಿಕೆಟ್ ನಮ್ಮಲ್ಲಿ ಹೇಗೆ ಬೆಳೆಯಿತು ಅಂತ ನೆನಪು ಮಾಡಿಕೊಳ್ಳಿ. 1974ರ ರಣಜಿ ಸೆಮಿಫೈನಲ್. ಹದಿನೈದು ವರ್ಷ ಬಿಡದೆ ಕಪ್ ಗೆದ್ದಿದ್ದ ಬಾಂಬೆ ನಮ್ಮ ಚಿನ್ನಸ್ವಾಮಿಗೆ ಬಂತು. ವಿಶ್ವನಾಥ್ ಶತಕ ಹೊಡೆದರು, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಅವರು ಗವಾಸ್ಕರ್‌ರನ್ನು ಬೌಲ್ಡ್ ಮಾಡಿದರು. ನೋಡೋಕೆ ಜನ ಕಿಕ್ಕಿರಿದಿದ್ದರು. ಅವತ್ತು ಜನ ಹೋದದ್ದು ಇಂಗ್ಲೆಂಡ್ ನೋಡೋಕಲ್ಲ, ಆಸ್ಟ್ರೇಲಿಯಾ ನೋಡೋಕಲ್ಲ. ಭದ್ರಾವತಿ ಹುಡುಗ ವಿಶ್ವನಾಥ್ ಆಟ ನೋಡೋಕೆ ಹೋದರು. ಆ ಗ್ಯಾಲರಿಯಲ್ಲಿ ಅಪ್ಪನ ಪಕ್ಕ ಕೂತಿದ್ದ ಮಕ್ಕಳು ಮನೆಗೆ ಬಂದು ಬ್ಯಾಟ್ ಹಿಡಿದರು. ಜನ ಹೋದರು, ಆಟ ಬೆಳೆಯಿತು. ಫುಟ್‌ಬಾಲಿಗೂ ಬೇಕಾದದ್ದು ಅಷ್ಟೇ.

ಇಲ್ಲಿ ನಿಮಗೆ ಒಂದು ವಿಷಯ ಹೇಳಲೇಬೇಕು. ನನ್ನ ಹತ್ತಿರ ಕಲಿಯೋಕೆ ಬರುವ ಪ್ರತಿ ಮಗುವಿಗೂ ಇದನ್ನು ಹೇಳಿದ್ದೇನೆ.

ನನಗಾಗ ಒಂಬತ್ತು ವರ್ಷ. ಅಪ್ಪ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಆ ಕಾಲದಲ್ಲಿ ಬೆಂಗಳೂರಿನ ದೊಡ್ಡ ಕಾರ್ಖಾನೆಗಳಿಗೆಲ್ಲ ಅವರವರದೇ ಫುಟ್‌ಬಾಲ್ ತಂಡ ಇರುತ್ತಿತ್ತು. ಐಟಿಐ, ಎಚ್‌ಎಎಲ್ ಅಂದರೆ ಜನ ಮೊದಲು ಕೇಳುತ್ತಿದ್ದದ್ದು ಮ್ಯಾಚ್ ಯಾವಾಗ ಅಂತ. ಒಂದು ದಿನ ಮೊದಲ ಶಿಫ್ಟ್ ಮುಗಿಸಿ ಬಂದ ಅಪ್ಪ ಊಟಕ್ಕೂ ಕೂರಲಿಲ್ಲ. ಸೈಕಲ್ ಬಾರ್ ಮೇಲೆ ಟವೆಲ್ ಸುತ್ತಿ, 'ಹತ್ತು' ಅಂದರು. ಅಶೋಕನಗರದ ಸ್ಟೇಡಿಯಂವರೆಗೂ ಹಾಗೇ ಕೂತು ಹೋದೆ. ಕಾಲು ಜೋಮು ಹಿಡಿದಿತ್ತು.

ನಾವು ಹೋಗುವಷ್ಟರಲ್ಲಿ ಮಳೆ ಬಂದು ನಿಂತಿತ್ತು. ಮೈದಾನವೆಲ್ಲ ಕೆಸರು. ಆಗಿನ ಚೆಂಡು ಚರ್ಮದ್ದು. ನೀರು ಕುಡಿದರೆ ಕಲ್ಲಿನಷ್ಟು ಭಾರ. ಒದ್ದರೆ ದಪ್ ಅಂತ ಶಬ್ದ, ಗ್ಯಾಲರಿಯವರೆಗೂ ಕೇಳಿಸುತ್ತಿತ್ತು. ಅಪ್ಪ ಕಡಲೆಕಾಯಿ ಪೊಟ್ಟಣ ಕೊಡಿಸಿ ಗೋಲಿನ ಹಿಂದೆ ಕೂರಿಸಿದರು. ಅಲ್ಲಿ ಕೂತವರಿಗೆಲ್ಲ ಆಟಗಾರರ ಹೆಸರು ಗೊತ್ತು, ಮನೆ ಗೊತ್ತು, ಯಾರಿಗೆ ಯಾವ ಕಾಲು ನೋವು ಅನ್ನುವುದೂ ಗೊತ್ತು. ನಮ್ಮ ಕಾರ್ಖಾನೆಯ ಗೋಲಿ, ಅಂದರೆ ಗೋಲ್‌ಕೀಪರ್, ಅಪ್ಪನ ಸೆಕ್ಷನ್ನಿನವನೇ. ಅಪ್ಪನಿಂದ ಎರಡು ಮೆಷಿನ್ ಆಚೆ ನಿಲ್ಲುತ್ತಿದ್ದ ಹುಡುಗ.

ಆಟ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ಎದುರು ತಂಡದವನು ದೂರದಿಂದ ಸುಮ್ನೆ ಒಂದು ಒದೆ ಒದ್ದ. ಯಾರಾದರೂ ಹಿಡಿಯಬಹುದಾದ ಚೆಂಡು. ನಮ್ಮ ಗೋಲಿ ಹಿಡಿದ ಕೂಡ. ಒದ್ದೆ ಸೋಪಿನ ಹಾಗೆ ಕೈಯಿಂದ ಜಾರಿ ಕಾಲ ಸಂದಿಯಲ್ಲಿ ಒಳಗೆ ಹೋಯಿತು. ಗೋಲು. ಒಂದು ಕ್ಷಣ ಗ್ಯಾಲರಿಯಲ್ಲಿ ಉಸಿರೇ ಇಲ್ಲ. ಆಮೇಲೆ ಹಿಂದಿನಿಂದ ಯಾರೋ ಕೆಟ್ಟದಾಗಿ ಬಯ್ದರು. ಗೋಲಿ ತಲೆ ಎತ್ತಲಿಲ್ಲ.

ನಮ್ಮ ಮುಂದಿನ ಮೆಟ್ಟಿಲಲ್ಲಿ ಒಬ್ಬ ತಾತ ಕೂತಿದ್ದರು. ಪಂಚೆ, ಕಪ್ಪು ಕೊಡೆ, ಹೆಗಲ ಮೇಲೆ ಒಂದು ಟವೆಲ್. ಅವರು ಎದ್ದರು. ನಿಧಾನವಾಗಿ ಮೆಟ್ಟಿಲಿಳಿದು ತಂತಿ ಬೇಲಿಯ ಹತ್ತಿರ ಹೋದರು. ಟವೆಲನ್ನು ಸುರುಳಿ ಸುತ್ತಿ, ತಂತಿಯ ಕಣ್ಣಿನಲ್ಲಿ ತೂರಿಸಿ ಆಚೆ ತಳ್ಳಿದರು. 'ತಗೋ ಮಗಾ, ಕೈ ಒರೆಸ್ಕೋ. ಆಟ ಇನ್ನೂ ಬೇಕಾದಷ್ಟಿದೆ' ಅಂದರು. ಅಷ್ಟೇ. ಗೋಲಿ ಬಂದು ಟವೆಲ್ ತೆಗೆದುಕೊಂಡ. ಎರಡೂ ಕೈ ಒರೆಸಿಕೊಂಡ. ಬೆರಳು ಬೆರಳಿನ ಸಂದಿಯನ್ನೂ ಒರೆಸಿಕೊಂಡ. ಟವೆಲನ್ನು ಬಲೆಗೆ ಸಿಕ್ಕಿಸಿ ತನ್ನ ಜಾಗಕ್ಕೆ ಹೋಗಿ ನಿಂತ.

ಆಮೇಲೆ ಅವನ ಹತ್ತಿರ ಬಂದ ಪ್ರತಿ ಚೆಂಡಿಗೂ ನಾವು ಉಸಿರು ಹಿಡಿಯುತ್ತಿದ್ದೆವು. ಅವನು ಪ್ರತಿ ಸಲ ಟವೆಲಿಗೆ ಕೈ ಒರೆಸುತ್ತಿದ್ದ. ಹಾಫ್ ಟೈಮಿನಲ್ಲಿ ಜಾಗ ಬದಲಾಯಿತು. ಅವನು ಟವೆಲನ್ನೂ ಎತ್ತಿಕೊಂಡು ಆಚೆ ಬದಿಯ ಗೋಲ್‌ಪೋಸ್ಟಿಗೆ ಹೋದ. ತಾತ ಕೊಡೆ ಹಿಡಿದುಕೊಂಡು ಇಡೀ ಮೈದಾನ ಸುತ್ತಿ ಆ ಗೋಲಿನ ಹಿಂದೆ ಹೋಗಿ ಕೂತರು. ನಾನು ಅಪ್ಪನ ಕೈ ಎಳೆದೆ. ನಾವೂ ಹೋದೆವು. ನಮ್ಮವರು ಒಂದು ಗೋಲು ಹೊಡೆದು ಸಮ ಮಾಡಿಕೊಂಡರು. ಕೊನೆಗೆ, ಇನ್ನೇನು ಮುಗಿಯಿತು ಅನ್ನುವಾಗ, ಎದುರಿನವರಿಗೆ ಪೆನಾಲ್ಟಿ ಸಿಕ್ಕಿತು. ಒದ್ದ ಚೆಂಡು ನೇರ ಗೋಲಿಯ ಎದೆಗೆ ಬಂತು. ಧಪ್! ಆ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ಈ ಸಲ ಚೆಂಡು ಜಾರಲಿಲ್ಲ. ಅವ್ವನನ್ನು ಅಪ್ಪಿಕೊಂಡ ಮಗುವಿನ ಹಾಗೆ ಅದನ್ನು ಅಪ್ಪಿಕೊಂಡು ಕೆಸರಲ್ಲಿ ಬಿದ್ದಿದ್ದ. ಮ್ಯಾಚ್ ಡ್ರಾ ಆಯಿತು. ಸೀಟಿ ಊದಿದ ಮೇಲೆ ಅವನು ಮೊದಲು ಓಡಿ ಬಂದದ್ದು ತಂತಿ ಬೇಲಿಯ ಹತ್ತಿರ, ತಾತನಿಗೆ ಟವೆಲ್ ಕೊಡೋಕೆ. ಕೆಸರಾಗಿ ಗುರುತೇ ಸಿಗುತ್ತಿರಲಿಲ್ಲ. ತಾತ ಅದನ್ನೇ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಮಾರನೇ ದಿನ ಬೆಳಿಗ್ಗೆ ಆ ಹುಡುಗ ಕಾರ್ಖಾನೆ ಗೇಟಿಗೆ ಬಂದಾಗ ಇಡೀ ಶಿಫ್ಟಿನವರು ನಿಂತು ಚಪ್ಪಾಳೆ ತಟ್ಟಿದರಂತೆ. ಅಪ್ಪ ರಾತ್ರಿ ಬಂದು ಹೇಳಿದರು. ಆವತ್ತೇ ನಾನು ಫುಟ್‌ಬಾಲ್ ಆಡುತ್ತೇನೆ ಅಂದೆ.

ಕೇಳುಗರೇ, ಕತಾರಿನಲ್ಲಿ ಆಡುವವರಿಗೆ ನೀವು ಟವೆಲ್ ಕೊಡೋಕಾಗುವುದಿಲ್ಲ. ನಮ್ಮೂರ ಗೋಲಿಗೆ ಕೊಡಬಹುದು. ಅದಕ್ಕೇ ಹೇಳುತ್ತಿರುವುದು. ನಮ್ಮೂರ ಮ್ಯಾಚಿಗೆ ಬನ್ನಿ.

ಹೋದ ವರ್ಷ ಒಂದು ಲೀಗ್ ಮ್ಯಾಚಿನಲ್ಲಿ ನಾನೇ ಎಣಿಸಿದೆ. ಗ್ಯಾಲರಿಯಲ್ಲಿ ನಲವತ್ತೊಂದು ಜನ. ಅದರಲ್ಲಿ ಅರ್ಧ ಆಟಗಾರರ ಮನೆಯವರು. ಒಳಗೆ ಆಡುತ್ತಿದ್ದ ಹುಡುಗರು ಬೆಳಿಗ್ಗೆ ಐದಕ್ಕೆ ಎದ್ದು, ಎರಡು ಬಸ್ ಬದಲಿಸಿ ಪ್ರಾಕ್ಟೀಸಿಗೆ ಬರುವವರು. ಒಳ್ಳೆಯ ಪಾಸ್ ಕೊಟ್ಟಾಗ 'ಶಾಬಾಶ್' ಅನ್ನೋಕೆ ಒಬ್ಬರಿಲ್ಲ.

ಜನ ಬಂದರೆ ಏನಾಗುತ್ತೆ ಅಂತ ಕೇಳುತ್ತೀರಾ? 2018ರ ಜೂನ್ ತಿಂಗಳು. ಮುಂಬೈಯಲ್ಲಿ ಭಾರತದ ಮ್ಯಾಚ್. ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನೋಡಿದವರು 2,569 ಜನ. ನಮ್ಮ ದೇಶದ ತಂಡಕ್ಕೆ! ಮಾರನೇ ದಿನ ಛೆಟ್ರಿ ಫೋನ್ ಮುಂದೆ ನಿಂತು ಒಂದು ವಿಡಿಯೋ ಮಾಡಿದರು. ನಮ್ಮನ್ನು ಬಯ್ಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬಂದು ನೋಡಿ ಅಂತ ಬೇಡಿಕೊಂಡರು. ಜೂನ್ 4ರಂದು ಕೀನ್ಯಾ ಎದುರಿನ ಮ್ಯಾಚ್ ಅವರ ನೂರನೆಯದು. ಎಲ್ಲ ಟಿಕೆಟ್ಟೂ ಖಾಲಿ. ಮಳೆಯಲ್ಲಿ ನೆನೆದುಕೊಂಡು ಜನ ಕೂಗಿದರು. 3-0ರಿಂದ ಗೆದ್ದೆವು. ಇಂಥ ಆಟಗಾರ ಬೇಡಿಕೊಳ್ಳಬೇಕಾಯಿತಲ್ಲ ಅಂತ ನನಗೆ ಅವತ್ತು ಬಹಳ ನೋವಾಯಿತು. ಜನ ಬಂದರಲ್ಲ ಅಂತ ಅಷ್ಟೇ ಸಂತೋಷವೂ ಆಯಿತು.

ನಮ್ಮಲ್ಲೂ ಒಳ್ಳೆಯದು ನಡೆದಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಯಿತು. ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ಹಾಕಿಕೊಂಡ ಹುಡುಗ ಹುಡುಗಿಯರು ಇಡೀ 90 ನಿಮಿಷ ನಿಂತೇ ಹಾಡುತ್ತಾರೆ. ಆ ಹಾಡು ಕಂಠೀರವ ಸ್ಟೇಡಿಯಂನಲ್ಲಿ ಕೇಳಬೇಕು. ಅದೇ ಹುಡುಗರು ಅಶೋಕನಗರದ ಲೀಗಿಗೂ ಬರಲಿ ಅನ್ನುವುದು ನನ್ನ ಆಸೆ.

ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಮೈದಾನಗಳ ಬಗ್ಗೆ, ಶಾಲೆಗಳ ಬಗ್ಗೆ ಬರೆದುಕೊಂಡು ಬಂದಿದ್ದೆ, ಅದಕ್ಕೆ ಈಗ ಹೊತ್ತಿಲ್ಲ. ಹೆಣ್ಣುಮಕ್ಕಳ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್‌ವರೆಗೆ ಹೋಗಿತ್ತು. ನಿಮ್ಮ ಮನೆಯಲ್ಲಿ ಹೆಣ್ಣುಮಗು ಇದ್ದರೆ ಅವಳನ್ನೂ ಕರೆದುಕೊಂಡು ಬನ್ನಿ. ಅವಳು ಆಡುತ್ತೇನೆ ಅಂದರೆ ಬೇಡ ಅನ್ನಬೇಡಿ.

ಬೆಂಗಳೂರಿನವರಾದರೆ ಗರುಡಾ ಮಾಲ್ ಹತ್ತಿರ ಇಳಿಯಿರಿ, ಎದುರಿಗೇ ಅಶೋಕನಗರದ ಆ ಸ್ಟೇಡಿಯಂ. ಮಂಗಳೂರಿನವರಿಗೆ ನೆಹರು ಮೈದಾನ ಇದೆ. ಬೆಳಗಾವಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅವರಿಗೆ ಫುಟ್‌ಬಾಲ್ ಚೆನ್ನಾಗಿ ಗೊತ್ತು. ಬೇರೆ ಊರಿನವರು ನಿಮ್ಮ ಕಾಲೇಜು ಮೈದಾನದ ಹತ್ತಿರ ಸಂಜೆ ಒಂದು ಸುತ್ತು ಹೋಗಿ ಬನ್ನಿ. ಯಾರಾದರೂ ಆಡುತ್ತಿರುತ್ತಾರೆ.

ನಿಯಮ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಆಫ್‌ಸೈಡ್ ಏನು ಅಂತ ಪಕ್ಕದವರನ್ನು ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ. ಮೊದಲ ಹತ್ತು ನಿಮಿಷ ಏನೂ ತಿಳಿಯದೆ ಬೇಜಾರಾಗಬಹುದು, ಎದ್ದು ಹೋಗಬೇಡಿ. ಹೀಗೆ ಮಾಡಿ. ಒಬ್ಬ ಆಟಗಾರನನ್ನು ಆರಿಸಿಕೊಳ್ಳಿ. ಚೆಂಡನ್ನು ಬಿಟ್ಟು ಅವನನ್ನೇ ನೋಡಿ. ಚೆಂಡು ದೂರ ಇದ್ದಾಗ ಅವನು ಎಲ್ಲಿ ನಿಲ್ಲುತ್ತಾನೆ, ಯಾವಾಗ ತಿರುಗಿ ನೋಡುತ್ತಾನೆ, ಯಾರನ್ನು ಕೂಗುತ್ತಾನೆ, ಎಷ್ಟು ಓಡುತ್ತಾನೆ, ನೋಡುತ್ತಾ ಹೋಗಿ. ಹಾಫ್ ಟೈಮ್ ಹೊತ್ತಿಗೆ ಅವನ ಹೆಸರೇನು ಅಂತ ನೀವೇ ಪಕ್ಕದವರನ್ನು ಕೇಳುತ್ತೀರಿ.

ನಮಸ್ಕಾರ.