ಜಮಿಲಾ ಕೊಲೊನೊಮೊಸ್: ಬಂದೂಕು ಕೆಳಗಿಟ್ಟ ಮೇಲಿನ ಕಥೆ

ಎಲ್ರಿಗೂ ನಮಸ್ಕಾರ. ಹೋಲೋಕಾಸ್ಟ್, ಅಂದ್ರೆ ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಮಾಡಿದ ಯೆಹೂದಿಗಳ ಸಾಮೂಹಿಕ ಕೊಲೆ, ಅಂದ ತಕ್ಷಣ ನಮಗೆ ನೆನಪಾಗೋದು ಜರ್ಮನಿ, ಪೋಲೆಂಡ್, ಆನ್ ಫ್ರಾಂಕ್, ಅಷ್ಟೇ. ಬಾಲ್ಕನ್ ಕಡೆ, ಅಂದ್ರೆ ಯುರೋಪಿನ ಆಗ್ನೇಯ ಭಾಗದಲ್ಲಿ, ಯೆಹೂದಿಗಳಿಗೆ ಏನಾಯ್ತು ಅಂತ ಯಾರೂ ಹೇಳಲ್ಲ, ಅದಕ್ಕೇ ಇವತ್ತು ಅಲ್ಲಿನ ಯೆಹೂದಿ ಹೋರಾಟಗಾರ್ತಿ ಜಮಿಲಾ ಕೊಲೊನೊಮೊಸ್ ಬಗ್ಗೆ ಮಾತಾಡ್ಬೇಕು.

ಹುಟ್ಟಿದ್ದು 1922ರಲ್ಲಿ, ಬಿಟೋಲಾ ಅನ್ನೋ ಊರಲ್ಲಿ, ಈಗಿನ ನಾರ್ತ್ ಮ್ಯಾಸಿಡೋನಿಯಾ. ಅಲ್ಲಿನ ಯೆಹೂದಿಗಳು ಆ ಊರನ್ನ ಮೊನಾಸ್ಟಿರ್ ಅಂತಿದ್ರು. 1492ರಲ್ಲಿ ಸ್ಪೇನ್ ರಾಜ ರಾಣಿ ಹೊರಗೆ ಅಟ್ಟಿದ ಯೆಹೂದಿಗಳು ಆಟೊಮನ್ ಸುಲ್ತಾನರ ನೆಲಕ್ಕೆ ಬಂದ್ರಲ್ಲ, ಅವರ ಮಕ್ಕಳು ಮೊಮ್ಮಕ್ಕಳೇ ಇವರು. ನಾನೂರು ವರ್ಷ ಆದ್ರೂ ಮನೇಲಿ ಮಾತಾಡ್ತಿದ್ದಿದ್ದು ಹಳೇ ಸ್ಪ್ಯಾನಿಷ್, ಅಂದ್ರೆ ಲಾಡಿನೋ, ಒಂದು ಪ್ರಾರ್ಥನಾ ಮಂದಿರದ ಹೆಸರು ಅರಾಗಾನ್, ಇನ್ನೊಂದರ ಹೆಸರು ಪೋರ್ಚುಗಲ್. ಓಡಿಸಿದ ಊರಿನ ಹೆಸರನ್ನೇ ದೇವಸ್ಥಾನಕ್ಕೆ ಇಟ್ಕೊಂಡು ಬದುಕಿದ ಜನ, ಅದನ್ನ ಓದಿದಾಗ ನಂಗೆ ಹೊಟ್ಟೆಯೊಳಗೆ ಏನೋ ಆಯ್ತು.

1941ರಲ್ಲಿ ಜರ್ಮನಿ ಜೊತೆ ಸೇರಿದ ಬಲ್ಗೇರಿಯಾ ಮ್ಯಾಸಿಡೋನಿಯಾದ ಬಹುಪಾಲು ವಶ ಮಾಡ್ಕೊಳ್ತು. 1943ರ ಮಾರ್ಚ್ 11, ಬೆಳಗಿನ ಜಾವ, ಬಲ್ಗೇರಿಯನ್ ಪೊಲೀಸರು ಬಿಟೋಲಾ, ಸ್ಕೋಪ್ಯೆ, ಷ್ಟಿಪ್ ಮೂರೂ ಕಡೆ ಮನೆಮನೆಗೆ ನುಗ್ಗಿ ಮುದುಕ್ರು ಮಕ್ಳು ಅನ್ನದೆ ಎಳ್ಕೊಂಡು ಹೋಗಿ ಸ್ಕೋಪ್ಯೆಯ ಮೊನೊಪೋಲ್ ತಂಬಾಕು ಗೋದಾಮಲ್ಲಿ ತುಂಬಿದ್ರು, ಆಮೇಲೆ ಮೂರು ರೈಲು, ಸೀದಾ ಟ್ರೆಬ್ಲಿಂಕಾ, ಪೋಲೆಂಡಲ್ಲಿ ನಾಜಿಗಳು ಜನರನ್ನ ಕೊಲ್ಲೋಕೇ ಕಟ್ಟಿದ ಶಿಬಿರ. ಒಟ್ಟು 7,144 ಜನ ಅಂತ ಲೆಕ್ಕ. ಅಲ್ಲಿಗೆ ತಲುಪಿದವರಲ್ಲಿ ಒಬ್ರೂ ವಾಪಸ್ ಬರ್ಲಿಲ್ಲ, ಒಬ್ರೂ.

ಜಮಿಲಾ ಮನೆಯವರೂ ಆ ರೈಲಲ್ಲೇ ಹೋದ್ರು. ಇವಳು ಇನ್ನೂ ಕೆಲವು ಹುಡುಗಿಯರ ಜೊತೆ ಬೊಗೋಯಾ ಸಿಲ್ಯಾನೊವ್ಸ್ಕಿ ಅನ್ನೋರ ಚಿಕ್ಕ ಅಂಗಡಿಯೊಳಗೆ ವಾರಗಟ್ಟಲೆ ಅಡಗಿದ್ದು, ಆಮೇಲೆ ಬೆಟ್ಟ ಹತ್ತಿ ಪಾರ್ಟಿಸನ್ ಪಡೆ, ಅಂದ್ರೆ ಆಕ್ರಮಣಕಾರರ ವಿರುದ್ಧ ಹೋರಾಡ್ತಿದ್ದ ಗೆರಿಲ್ಲಾ ಪಡೆ, ಸೇರಿದ್ಲು. ಜೊತೆಗಿದ್ದ ಎಸ್ತ್ರೇಯಾ ಓವಾದ್ಯಾ ಬಡವರ ಮನೆ ಹುಡುಗಿ, 1944ರ ಆಗಸ್ಟ್‌ನಲ್ಲಿ ಕೈಮಕ್ಚಲಾನ್ ಬೆಟ್ಟದ ಹತ್ರ ಯುದ್ಧದಲ್ಲಿ ಸತ್ತಳು, ಇನ್ನೂ 21 ವರ್ಷ. ಮ್ಯಾಸಿಡೋನಿಯಾ ಆಗ ಸೇರಿದ್ದ ಯುಗೋಸ್ಲಾವಿಯಾ ದೇಶ ಆಮೇಲೆ ಅವಳಿಗೆ ರಾಷ್ಟ್ರವೀರ ಅಂತ ಬಿರುದು ಕೊಡ್ತು.

ಇಂಥ ಹೆಂಗಸರ ಬಗ್ಗೆ ಹೇಳೋವಾಗ ಎಲ್ರೂ ಬಂದೂಕು ಹಿಡಿದ ಫೋಟೋ ತೋರ್ಸಿ ಅಲ್ಲಿಗೆ ನಿಲ್ಲಿಸ್ತಾರೆ, ನನ್ನ ತಕರಾರು ಇರೋದು ಅಲ್ಲೇ. ಜಮಿಲಾ ಯುದ್ಧ ಮುಗಿಸಿ ಬಂದಾಗ ಊರಲ್ಲಿ ಲಾಡಿನೋ ಮಾತಾಡೋಕೆ ಜನವೇ ಇರ್ಲಿಲ್ಲ. ಆಗ ಅವಳು ಸ್ಕೋಪ್ಯೆ ಯೂನಿವರ್ಸಿಟಿಲಿ ಪಾಠ ಮಾಡ್ತಾ, ಉಳಿದ ನಾಲ್ಕು ಜನರ ಬಾಯಿಂದ ಗಾದೆ, ಮಾತು, ಹಾಡು ಬಿಡದೆ ಬರ್ಕೊಂಡು ಪ್ರಿಂಟ್ ಮಾಡ್ಸಿದ್ಲು. ವೇದ ಸುಳ್ಳಾದ್ರೂ ಗಾದೆ ಸುಳ್ಳಾಗದು ಅಂತ ಬೆಳೆದವರು ನಾವು, ಗಾದೆ ಹೇಳೋ ಅಜ್ಜಿಯರೆಲ್ಲ ಒಂದೇ ತಿಂಗಳಲ್ಲಿ ಇಲ್ಲವಾದ್ರೆ ಏನು ಹೋಗುತ್ತೆ ಅಂತ ನಮಗೆ ಗೊತ್ತಾಗ್ಬೇಕು. ಗುಂಡು ಹಾರಿಸೋಕೆ ಧೈರ್ಯ ಬೇಕು ನಿಜ, ಆದ್ರೆ ಪಕ್ಕದಲ್ಲಿ ಸಂಗಾತಿಗಳು ಇರ್ತಾರೆ. ತನ್ನವರೆಲ್ಲ ಸತ್ತ ಮೇಲೆ ಅವರ ಮಾತನ್ನ ಒಂಟಿಯಾಗಿ ಕೂತು ಬರೆಯೋದಿದ್ಯಲ್ಲ, ಅದು ನನ್ನ ಲೆಕ್ಕದಲ್ಲಿ ಇನ್ನೂ ಕಷ್ಟದ್ದು. 2013ರಲ್ಲಿ ತೀರ್ಕೊಳ್ಳೋವರೆಗೂ ಆ ಜನರನ್ನ ಅವಳು ಮರೆಯೋಕೆ ಬಿಡ್ಲಿಲ್ಲ.

ಇನ್ನೊಂದು ವಿಷ್ಯ, ಇದನ್ನ ಸ್ವಲ್ಪ ಸಿಟ್ಟಿಂದಲೇ ಹೇಳ್ತೀನಿ. ಬಲ್ಗೇರಿಯಾ ತನ್ನ 48,000 ಯೆಹೂದಿಗಳನ್ನ ಉಳಿಸ್ತು ಅಂತ ಹೊಗಳ್ತಾರೆ. ಹೌದು, ದಿಮಿತರ್ ಪೇಶೆವ್ ಥರದ ಸಂಸದರು, ಚರ್ಚಿನ ಹಿರಿಯರು ಎದ್ದು ನಿಂತ್ರು, ಅವರಿಗೆ ಕೈ ಮುಗೀತೀನಿ. ಆದ್ರೆ ಅದೇ ಸರ್ಕಾರ 1943ರ ಫೆಬ್ರವರಿಯಲ್ಲಿ ಯೆಹೂದಿಗಳನ್ನ ಒಪ್ಪಿಸೋ ಒಪ್ಪಂದಕ್ಕೆ ನಾಜಿಗಳ ಜೊತೆ ಸಹಿ ಹಾಕಿತ್ತು, ಅದೇ ಸರ್ಕಾರದ ಪೊಲೀಸರು ಬಿಟೋಲಾದ ಬಾಗಿಲು ತಟ್ಟಿದ್ರು. 48,000 ಹೇಳೋರು ಅದೇ ಉಸಿರಲ್ಲಿ 7,144 ಕೂಡ ಹೇಳ್ಬೇಕು, ಗ್ರೀಸಿನ ಥ್ರೇಸ್‌ನಿಂದ ಅವರೇ ಹಿಡಿದು ಕಳ್ಸಿದ ಸಾವಿರಾರು ಜನರನ್ನೂ ಸೇರಿಸಿ.